ಬೆಳಕು ಹೆಚ್ಚಾದ ಚಿತ್ರ

ಗಾಜು ಹಾಕಿಸಿದ ದೊಡ್ಡ ಚಿತ್ರವನ್ನು ಅಕ್ಕನ ಶವಪೆಟ್ಟಿಗೆಯ ತಲೆದೆಸೆಗೆ ಆನಿಸಿಡಲು ಬಾಗಿದ ಪ್ರಯೋಗಾಲಯದ ಮುಖ್ಯಸ್ಥರನ್ನು ತಂಗಿ ಅಡ್ಡಗಟ್ಟಿದಳು.

"ಅದನ್ನ ಇಲ್ಲಿ ಇಡಬೇಡಿ."

"ನಿಮ್ಮಕ್ಕ ತೆಗೆದ ಚಿತ್ರವೇ ಅಲ್ವೇನಮ್ಮಾ? ನಮ್ಮ ಪ್ರಯೋಗಾಲಯಕ್ಕೆ ಹೆಸರು ತಂದಿದ್ದೇ ಇದು," ಎಂದರು ಮುಖ್ಯಸ್ಥರು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ.

ಚಿತ್ರದಲ್ಲಿ ಒಂದೇ ಒಂದು ಜೀವಕೋಶ. ಅದರೊಳಗೆ ಹಸಿರು ಮಣಿಗಳು ಫಳಫಳ ಹೊಳೆಯುತ್ತಿದ್ದವು. ಬಂದವರೆಲ್ಲ ಎಷ್ಟು ಚೆಂದ ಎನ್ನುತ್ತಿದ್ದರೆ ತಂಗಿಗೆ ಮೈಯೆಲ್ಲ ಉರಿಯುತ್ತಿತ್ತು.

"ಹೋಗ್ಲಿ ಬಿಡೇ, ಸಾವಿನ ಮನೇಲಿ ಜಗಳ ಯಾಕೆ?" ಸೋದರತ್ತೆ ಅವಳ ಭುಜ ಹಿಡಿದರು.

* * *

ವರ್ಷಗಳ ಹಿಂದೆ, ತಂಗಿ ತನ್ನ ಹೊಲಿಗೆ ಅಂಗಡಿ ಮುಚ್ಚಿ ಪ್ರಯೋಗಾಲಯಕ್ಕೆ ಊಟದ ಡಬ್ಬಿ ಕೊಡಲು ಹೋಗಿದ್ದ ದಿನ, ಸಂಶೋಧಕಿ ಅಕ್ಕ ಅವಳನ್ನು ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಪರದೆಯೆದುರು ಕೂರಿಸಿದ್ದಳು. ಮಂಕು ಬೆಳಕಿನಲ್ಲಿ, ಜೀವಂತ ಕೋಶದೊಳಗೆ, ಹಸಿರು ಎಳೆಗಳು ಹರಿದಾಡುತ್ತಿದ್ದವು.

"ಸರಿಯಾಗಿ ಏನೂ ಕಾಣಲ್ವಲ್ಲೇ ಅಕ್ಕ."

"ಕಾಣೋ ಹಾಗೆ ಮಾಡ್ತೀನಿ, ನೋಡು."

ಅಕ್ಕ ಬೆಳಕು ಏರಿಸಿದಳು. ಎಲ್ಲ ಸ್ಪಷ್ಟವಾಯಿತು. ಸ್ವಲ್ಪ ಹೊತ್ತಿಗೆಲ್ಲ ಎಳೆಗಳು ತುಂಡಾಗಿ, ಉಬ್ಬಿ, ಮಣಿ ಮಣಿಯಾಗಿ ನಿಂತುಬಿಟ್ಟವು.

"ಬೆಳಕಿಗೇ ಬೆಂದುಹೋಯ್ತು. ನಾನು ತೆಗೆದ ಆ ಚಿತ್ರದಲ್ಲೂ ಹೀಗೇ ಆಗಿದ್ದು. ಅವತ್ತು ಅವಸರ ಮಾಡಿ ಬೆಳಕು ಏರಿಸು ಅಂದಿದ್ದು ಮುಖ್ಯಸ್ಥರು. ಈಗ ಈ ಮಣಿಗಳನ್ನೇ ಹೊಸದಾಗಿ ಕಂಡುಹಿಡಿದೆ ಅಂತ ಅಚ್ಚು ಹಾಕಿಸಿದಾರೆ. ಸಾಯ್ತಾ ಇರೋದನ್ನ ಜೀವಂತ ಅನ್ನಬೇಡಿ ಅಂತ ತುಂಬಿದ ಸಭೇಲೇ ಹೇಳಿ ಬಂದೆ."

ಬಾಯಿ ಜೋರಿನ ಅಕ್ಕನನ್ನು ಮುಂದಿನ ವಾರವೇ ಆ ಕೋಣೆಯಿಂದ ಎಬ್ಬಿಸಿ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಖಾಲಿ ಸೀಸೆಗಳ ನಡುವೆ ಕೂತಳು. ಸಂಜೆ ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

* * *

"ಇದು ಬದುಕಿತ್ತಾ?" ತಂಗಿ ಗಾಜಿನ ಮೇಲೆ ಬೆರಳಿಟ್ಟು ಕೇಳಿದಳು.

"ಈಗ ಅದೆಲ್ಲ ಯಾಕಮ್ಮಾ..."

"ಹೌದು ಅನ್ನಿ, ಇಲ್ಲ ಅನ್ನಿ. ಇವತ್ತಾದ್ರೂ ಅವಳೆದುರಿಗೆ ಹೇಳಿ."

ಮುಖ್ಯಸ್ಥರು ಚಿತ್ರವನ್ನು ಪಕ್ಕದ ಗೋಡೆಗೆ ಆನಿಸಲು ಹೊರಟರು. ಜೊತೆಗೆ ಬಂದ ಸಹೋದ್ಯೋಗಿಗಳು ನೆಲ ನೋಡಿದರು. ಇವರಿಗೆಲ್ಲ ಮೊದಲಿಂದಲೂ ಗೊತ್ತಿತ್ತು ಎಂಬುದು ಆಗ ಹೊಳೆದು ತಂಗಿಯ ಸಿಟ್ಟು ನೆತ್ತಿಗೇರಿತು.

"ಹಾಗಾದ್ರೆ ನೀವೇ ಹಿಡ್ಕೊಂಡಿರಿ. ಈ ಮನೇಲಿ ಎಲ್ಲೂ ಇಡೋ ಹಾಗಿಲ್ಲ," ಎಂದು ಚಿತ್ರವನ್ನು ಅವರ ಎದೆಗೆ ಒತ್ತಿದಳು.

ಹೊರಡುವ ಹೊತ್ತಾಯಿತು. "ಇನ್ನೊಂದು ಹೆಗಲು ಬೇಕು," ಎಂದ ಪಕ್ಕದ ಮನೆಯ ಡ್ರೈವರ್.

ಮುಖ್ಯಸ್ಥರು ಮುಂದೆ ಬಂದು, ಚಿತ್ರವನ್ನು ಯಾರಿಗಾದರೂ ಕೊಡಲು ಸುತ್ತ ನೋಡಿದರು. ಒಬ್ಬರೂ ಕೈ ಚಾಚಲಿಲ್ಲ. ಪೆಟ್ಟಿಗೆಯ ಆ ಖಾಲಿ ಮೂಲೆಗೆ ತಂಗಿಯೇ ಹೆಗಲು ಕೊಟ್ಟಳು.

ಪೆಟ್ಟಿಗೆ ಹೊಸ್ತಿಲು ದಾಟಿತು, ಹಿಂದೆಯೇ ಜನವೂ. ಖಾಲಿಯಾದ ಕೋಣೆಯ ನಡುವೆ ಮುಖ್ಯಸ್ಥರು ಎರಡೂ ಕೈಯಲ್ಲಿ ಚಿತ್ರವನ್ನು ತಬ್ಬಿಕೊಂಡು ನಿಂತಿದ್ದರು.