ಬಿಳಿ ಬಟ್ಟೆಯ ಗುರುತು

ಅಪ್ಪನ ಹೆಣ ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ತಗ್ಗಿನ ಬೀದಿಯ ದರ್ಜಿ ಮೊಣಕಾಲವರೆಗೆ ಒದ್ದೆಯಾಗಿ ಓಡಿ ಬಂದ.

"ನೀರು ಹೊಸಿಲಿಗೆ ಬಂತಮ್ಮ. ತೂಬು ಎತ್ತಬೇಕು."

ಮಗಳು ಅಪ್ಪನ ದಿಂಬಿನಡಿಯಿಂದ ತೂಬಿನ ಬೀಗದ ಕೈ ತೆಗೆದುಕೊಂಡು ನಡೆದಳು. ಊರ ನಡುವಿನ ಆ ಕೆರೆಯ ತೂಬನ್ನು ಮೂವತ್ತೊಂದು ವರ್ಷ ಅಪ್ಪನೇ ನೋಡಿಕೊಂಡಿದ್ದ. ನೀರಲ್ಲಿ ನೆಟ್ಟ ಕಂಬಕ್ಕೆ ಎರಡು ಬಟ್ಟೆ ಕಟ್ಟಿದ್ದ. ಮೇಲಿನ ಕೆಂಪು ಮುಳುಗಿದರೆ ಮನೆಗಳಿಗೆ ನೀರು. ಕೆಳಗಿನ ಬಿಳಿ ಬಯಲಾದರೆ ನಡುಗಡ್ಡೆಗೆ ದಾರಿ ಬೀಳುತ್ತದೆ; ನಾಯಿಗಳು ನಡೆದೇ ಹೋಗಿ ಜೊಂಡಿನ ಹಕ್ಕಿಗೂಡುಗಳಿಗೆ ಬಾಯಿ ಹಾಕುತ್ತವೆ. ಈಗ ಮರಿಗಳ ಕಾಲ.

ಕೆಂಪು ಕಾಣುತ್ತಿರಲಿಲ್ಲ. ಇಬ್ಬರೂ ಸೇರಿ ಚಕ್ರ ತಿರುಗಿಸಿದರು. ನೀರು ಭೋರ್ಗರೆಯಿತು.

"ಇನ್ನು ಹೋಗಮ್ಮ, ಅಲ್ಲಿ ಕಾಯ್ತಿದಾರೆ."

"ಬಿಳಿ ಕಾಣೋ ಮುಂಚೆ ಮುಚ್ಚಬೇಕಲ್ಲ ಮಾಮ."

"ನಾನಿದೀನಲ್ಲ. ನಿಮ್ಮಪ್ಪನ ಹತ್ರ ಬೈಸ್ಕೊಂಡೇ ಕಲ್ತಿದೀನಿ. ನಡಿ."

* * *

ಅವಳ ಮದುವೆಯ ದಿನವೂ ಹೀಗೇ ಮಳೆ. ಅಪ್ಪ ಬಂದದ್ದು ಎಲ್ಲರ ಊಟ ಮುಗಿದ ಮೇಲೆ, ಕೆಸರುಗಾಲಲ್ಲಿ.

"ಮಗಳಿಗಿಂತ ಹಕ್ಕಿ ಹೆಚ್ಚಾಯ್ತಾ ನಿಮಗೆ?" ಅಮ್ಮ ಕೇಳಿದ್ದಳು.

"ತೂಬು ತೆಗೆಯೋಕೆ ನೂರು ಜನ ಬರ್ತಾರೆ ಕಣೇ. ಮುಚ್ಚೋಕೆ ಒಬ್ಬ ನಿಂತಿರಬೇಕು."

"ಹಾಗಾದ್ರೆ ತೂಬನ್ನೇ ಕಟ್ಕೋಬೇಕಿತ್ತು, ನನ್ನನ್ಯಾಕೆ?"

ಸುತ್ತಲಿದ್ದವರು ನಕ್ಕರು. ಮಗಳು ನಗಲಿಲ್ಲ. ಎರಡು ವರ್ಷ ಅಪ್ಪನ ಜೊತೆ ಮಾತು ಬಿಟ್ಟಳು.

* * *

ಸ್ಮಶಾನ ಊರಿನ ಆ ತುದಿಗೆ. ಗುಂಡಿಯ ಬಳಿ ಅಮ್ಮ ಅವಳ ಕೈ ಹಿಡಿದಳು.

"ನೀನಾದ್ರೂ ಹೊತ್ತಿಗೆ ಬಂದ್ಯಲ್ಲ."

ಹಿಡಿ ಮಣ್ಣು ಎತ್ತಿಕೊಂಡಾಗ ಬೆನ್ನ ಹಿಂದೆ ಯಾರೋ ಬಿಕ್ಕಿ ಬಿಕ್ಕಿ ಅಳುವುದು ಕೇಳಿತು. ತಿರುಗಿದಳು. ದರ್ಜಿ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಲೇ ಇತ್ತು.

"ಮಾಮ, ತೂಬು?"

"ಅವನ ಮುಖ ನೋಡದೆ ಹೇಗಿರ್ಲಮ್ಮ? ನೀರು ನುಗ್ಗಿದಾಗೆಲ್ಲ ನನ್ನ ಮಿಷನ್ನು ಅಟ್ಟಕ್ಕೆ ಹೊತ್ತವನು ಅವನೇ. ಒಂದು ಗಳಿಗೆ ಅಂತ ಬಂದೆ..."

ಅವಳು ಮಣ್ಣು ಹಾಕಿ ಓಡಿದಳು.

ತಗ್ಗಿನ ಬೀದಿಯಲ್ಲಿ ಹೆಂಗಸರು ಹೊಸಿಲು ತೊಳೆಯುತ್ತಿದ್ದರು.

"ಪೂರ್ತಿ ಇಳೀತು ಕಣಮ್ಮ. ನಿನ್ನ ಹೊಟ್ಟೆ ತಣ್ಣಗಿರಲಿ," ಎಂದು ಒಬ್ಬಳು ಹರಸಿದಳು.

ಮಣ್ಣು ಮೆತ್ತಿದ ಕೈಯಲ್ಲೇ ಅವಳು ಚಕ್ರ ತಿರುಗಿಸಿ ತೂಬು ಮುಚ್ಚಿದಳು. ಬಿಳಿ ಬಟ್ಟೆ ನೀರಿನಿಂದ ಒಂದು ಮೊಳ ಮೇಲೆ ನಿಂತು ತೊಟ್ಟಿಕ್ಕುತ್ತಿತ್ತು. ದಡದಿಂದ ನಡುಗಡ್ಡೆಯವರೆಗೆ ಹಸಿ ಕೆಸರಲ್ಲಿ ನಾಯಿ ಹೆಜ್ಜೆಗಳು ಸಾಲಾಗಿ ಹೋಗಿದ್ದವು, ಸಾಲಾಗಿ ವಾಪಸು ಬಂದಿದ್ದವು. ಜೊಂಡಿನ ಮೇಲೆ ಹಕ್ಕಿಗಳು ಕೆಳಗಿಳಿಯದೆ ಸುತ್ತುತ್ತಲೇ ಇದ್ದವು.