ಮಾರ್ಸೆಲ್‌ಗೆ ಕೊಡದೆ ಉಳಿದ ಪಾಸು

ಧಪ್.

ಸಣ್ಣ ಸದ್ದು. ರಾತ್ರಿಯಿಡೀ ಹೆದ್ದಾರಿಯ ಲಾರಿಗಳು ಮೊರೆಯುವ ಹಿರಿಯೂರಿನಲ್ಲಿ ಇಂಥದ್ದಕ್ಕೆಲ್ಲ ಯಾರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಮಂಗಳಾ ಎದ್ದು ಕುಳಿತಳು. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಗ್ಯಾಸ್ ಆರಿಸಿದ್ದಾರಾ, ಹಿತ್ತಲ ಚಿಲಕ ಹಾಕಿದ್ದಾರಾ ಎಂದು ಕೊನೆಗೆ ಒಂದು ಸುತ್ತು ನೋಡಿ ಮಲಗುವವಳು ಅವಳೇ. ಆವತ್ತಂತೂ ಕಣ್ಣು ಮುಚ್ಚಿದ್ದಳೇ ಹೊರತು ನಿದ್ದೆ ಹತ್ತಿರ ಸುಳಿದಿರಲಿಲ್ಲ.

ಅದು ಚೆಂಡು ಗೋಡೆಗೆ ತಾಗಿದ ಸದ್ದು. ಆ ಮನೆಯಲ್ಲಿ ಆ ಸದ್ದು ಕೇಳಿಸಿತೆಂದರೆ ದೂರದ ಯಾವುದೋ ಊರಲ್ಲಿ ಒಬ್ಬ ಹಳೆಯ ಆಟಗಾರ ತೀರಿಕೊಂಡಿದ್ದಾನೆ ಎಂದೇ ಲೆಕ್ಕ. ಆದರೆ ಚೆಂಡು ಒದೆಯುತ್ತಿದ್ದ ಮಾವ ಕಾಟಪ್ಪನವರೇ ತೀರಿಕೊಂಡು, ಬೆಳಗಾದರೆ ಅವರ ಹನ್ನೊಂದನೇ ದಿನದ ಕಾರ್ಯ.

ಕಾಟಪ್ಪನವರು ವೇದಾವತಿ ದಡದ ಬಯಲಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿಕೊಂಡಿದ್ದವರು. ಬೆಂಗಳೂರಿನ ಒಂದು ಕಾರ್ಖಾನೆಯವರ ಕಣ್ಣಿಗೆ ಬಿದ್ದು ಅಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ರಾಜ್ಯ ತಂಡ, ಅಲ್ಲಿಂದ ಭಾರತ ತಂಡ. ಊರಿನ ಹಳಬರಿಗೆ ಅವರು ಇವತ್ತಿಗೂ ಎಡಗಾಲು ಕಾಟಪ್ಪ. ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಅವರೊಂದಿಗೆ ಆಡಿದವರು ಕೊಲ್ಕತ್ತಾ, ಹೈದರಾಬಾದು, ಗೋವಾ ಎಂದು ಚದುರಿಹೋಗಿದ್ದರು. ಇತ್ತೀಚೆಗೆ ಒಬ್ಬೊಬ್ಬರಾಗಿ ಹೋಗತೊಡಗಿದ್ದರು. ಸುದ್ದಿ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಬೆಂಗಳೂರಿನ ಗೌತಮಪುರದಿಂದ ಮುನಿಯಪ್ಪನವರು ಫೋನ್ ಮಾಡುತ್ತಿದ್ದರು. ಅವರು ಅದೇ ತಂಡದ ಗೋಲ್‌ಕೀಪರ್. "ಕಾಟಾ, ನಿತಾಯ್ ಹೋದ ಕಣೋ."

ಆಗ ಕಾಟಪ್ಪನವರು ಸ್ನಾನ ಮಾಡಿ, ಹಿತ್ತಲಿಗೆ ಹೋಗಿ, ತೆಂಗಿನ ಮರದ ಕೆಳಗೆ ಚೆಂಡು ಇಟ್ಟು, ಎಡಪಾದದ ಒಳಬದಿಯಿಂದ ಕಾಂಪೌಂಡಿಗೆ ಮೆಲ್ಲಗೆ ಒಂದೇ ಸಲ ಒದೆಯುತ್ತಿದ್ದರು. ವಾಪಸು ಬಂದ ಚೆಂಡನ್ನು ಅಂಗಾಲಲ್ಲಿ ನಿಲ್ಲಿಸಿ, ತಲೆ ತಗ್ಗಿಸಿ, ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದರು.

"ನಿತಾಯ್‌ಗೆ ಪಾಸು ಕೊಟ್ಟೆ ಕಣಮ್ಮ," ಅನ್ನುತ್ತಿದ್ದರು ಸೊಸೆಗೆ. "ಬದುಕಿದ್ದಾಗ ಒಂದ್ ಸಲಾನೂ ಚೆಂಡು ವಾಪಸ್ ಕೊಟ್ಟೋನಲ್ಲ. ಈಗ ಕೊಟ್ಟ ನೋಡು."

ಆಮೇಲೆ ಕಾಫಿ. ಕಾಫಿ ಮುಗಿಯುವವರೆಗೆ ಹೋದವನ ಕಥೆ. ಮೊದಲ ಸಲ ವಿಮಾನ ಹತ್ತಿದ ನಿತಾಯ್ ಸೆಕೆಯಾಗುತ್ತದೆ, ಕಿಟಕಿ ತೆಗೆಯಿರಿ ಎಂದು ಹಟ ಹಿಡಿದದ್ದು, ಹೈದರಾಬಾದಿನ ಖಾದರ್ ಬೂಟಿಗೆ ಮುತ್ತು ಕೊಡದೆ ಮೈದಾನಕ್ಕೆ ಇಳಿಯದಿದ್ದದ್ದು, ಎಲ್ಲವೂ ಮಂಗಳಾಗೆ ಗೊತ್ತಿದ್ದದ್ದು ಹೀಗೆ.

ಬೇಸಿಗೆಯಲ್ಲಿ ಖಾದರ್ ಹೋದರು. ಅವರಿಗೆ ಪಾಸು ಕೊಡಲು ಹೋಗಿ ಕಾಟಪ್ಪನವರು ಜಾರಿ ಬಿದ್ದು ಸೊಂಟ ನೋಯಿಸಿಕೊಂಡರು. ಅತ್ತೆ ಉಚ್ಚಂಗಮ್ಮ ಚೆಂಡನ್ನು ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿ ಸೆರಗಿಗೆ ಕಟ್ಟಿಕೊಂಡರು. "ಸತ್ತೋರಿಗೆಲ್ಲ ಪಾಸು ಕೊಟ್ಕಂತ ನೀನೂ ಅವ್ರ ಹಿಂದೆ ಹೋಗಾಕೆ ನಿಂತೀಯೇನು?"

ಮಳೆಗಾಲದಲ್ಲಿ ಗೋವಾದ ಮಾರ್ಸೆಲ್ ಹೋದ ಸುದ್ದಿ ಬಂತು. ಕಾಟಪ್ಪನವರು ಸ್ನಾನ ಮುಗಿಸಿ ಬೀರುವಿನ ಮುಂದೆ ನಿಂತರು.

"ಒಂದೇ ಒಂದು ಕಣೇ. ಕುಂತ್ಕಂಡೇ ಕೊಡ್ತೀನಿ."

"ಕೊಡಾಕಿಲ್ಲ ಅಂದ್ರೆ ಕೊಡಾಕಿಲ್ಲ."

ಅವರು ಮತ್ತೆ ಕೇಳಲಿಲ್ಲ. ಕಾಫಿ ಆರಿಹೋಯಿತು. ಮಾರ್ಸೆಲ್‌ನ ಕಥೆ ಹೇಳಲಿಲ್ಲ. ಮುಂದಿನ ವಾರ ಪಡಸಾಲೆ ಪಕ್ಕದ ಕೋಣೆಯಲ್ಲಿ ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ.

ಅಂದಿನಿಂದ ಉಚ್ಚಂಗಮ್ಮ ಅತ್ತದ್ದೂ ಕಡಿಮೆ, ಉಂಡದ್ದೂ ಕಡಿಮೆ. ತಟ್ಟೆಯ ಮುಂದೆ ಕೂತು ಕೈ ಆಡಿಸಿ ಏಳುತ್ತಿದ್ದರು. "ಮುನಿಸ್ಕಂಡು ಹೋದ. ಚೆಂಡು ಕೇಳಿದ, ನಾನು ಕೊಡ್ಲಿಲ್ಲ. ಇನ್ನ ಈ ಕಡೆ ತಿರುಗಿ ನೋಡಾಕಿಲ್ಲ ಬಿಡು." ಸೀರೆ ಸೊಂಟದಲ್ಲಿ ನಿಲ್ಲದಷ್ಟು ಅವರು ಇಳಿದುಹೋಗಿದ್ದನ್ನು ಮಂಗಳಾ ದಿನಾ ನೋಡುತ್ತಿದ್ದಳು.

ಹನ್ನೊಂದರ ಹಿಂದಿನ ಸಂಜೆ, ಉಸಿರು ಹೋದ ಜಾಗದಲ್ಲಿ ರಾಗಿಹಿಟ್ಟು ಜರಡಿ ಹಿಡಿದು, ಪಕ್ಕದಲ್ಲಿ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಮಾಡುವುದು ಅವರ ಮನೆತನದ ಪದ್ಧತಿ. ರಾತ್ರಿ ಯಾರೂ ಒಳಗೆ ಹೋಗಬಾರದು. ಬೆಳಿಗ್ಗೆ ಹಿಟ್ಟಿನ ಮೇಲೆ ಗುರುತು ಮೂಡಿದ್ದರೆ ಹೋದವರು ಬಂದು ಸಮಾಧಾನವಾಗಿ ಮರಳಿದರು ಎಂದು ತಿಳಿಯಬೇಕು.

"ಏನೂ ಮೂಡದಿದ್ರೆ?" ಎಂದು ಮಂಗಳಾಳ ಗಂಡ ಶಿವು ಕೇಳಿದ್ದ.

"ಮೂಡದಿದ್ರೆ ನನ್ ತಪ್ಪು ನನ್ ತಲೆ ಮ್ಯಾಲೇ ಉಳೀತು," ಅಂದು ಉಚ್ಚಂಗಮ್ಮ ಸೆರಗಿನ ಗಂಟು ಬಿಚ್ಚಿ, ಎಡೆಯ ಪಕ್ಕ ಇಡಲು ಚೆಂಡನ್ನು ತಾವೇ ಹೊರತೆಗೆದಿದ್ದರು.

ಕಾರ್ಯಕ್ಕೆಂದು ಮಧ್ಯಾಹ್ನವೇ ಬಸ್ಸಿಳಿದಿದ್ದ ಮುನಿಯಪ್ಪನವರು ಚೆಂಡು ಅದುಮಿ ನೋಡಿ ಕೂಗಾಡಿದರು. "ಏನೋ ಶಿವು, ಗಾಳಿ ಇಲ್ದಿರೋ ಚೆಂಡು ಇಡ್ತೀರೇನೋ ನಿಮ್ಮಪ್ಪನ ಮುಂದೆ? ಎದ್ದು ಬಂದು ನಿಮ್ಮನ್ನೇ ಒದೀತಾನೆ!" ಶಿವುವನ್ನು ಎಳೆದುಕೊಂಡು ಪಂಕ್ಚರ್ ಅಂಗಡಿಗೆ ಹೋದರು. ಅವರು ಅತ್ತ ಹೋದಾಗಲೇ ಇತ್ತ ಹಿಟ್ಟು ಹರಡಿದ್ದು. ತಿರುಗಿ ಬಂದ ಕೂಡಲೇ ಉಚ್ಚಂಗಮ್ಮ ಬಾಗಿಲಲ್ಲೇ ಅವರ ಕೈಯಿಂದ ಚೆಂಡು ಇಸಿದುಕೊಂಡು ಒಳಗಿಟ್ಟು ಬಂದಿದ್ದರು. ಹಿಟ್ಟಿನ ವಿಷಯ ಮುನಿಯಪ್ಪನವರಿಗೆ ಶಿವು ಹೇಳಿರುತ್ತಾನೆ ಎಂದು ಮಂಗಳಾ ಅಂದುಕೊಂಡಳು. ಅಮ್ಮ ಹೇಳಿರುತ್ತಾಳೆ ಎಂದು ಶಿವು ಅಂದುಕೊಂಡ. ಯಾರೂ ಹೇಳಿರಲಿಲ್ಲ.

ಮಂಗಳಾ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಹೇಳುವ ಮಾತನ್ನು ಎರಡು ಸಲ ತೂಗುವವಳು, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಅಂಥವಳು ಆ ರಾತ್ರಿ, ಗೋಕುಲಾಷ್ಟಮಿಯಲ್ಲಿ ಮುಷ್ಟಿಯೊತ್ತಿ ಕೃಷ್ಣನ ಪಾದ ಮೂಡಿಸಿದಂತೆ ಹಿಟ್ಟಿನ ಮೇಲೆ ತಾನೇ ಒಂದು ಗುರುತು ಒತ್ತಿಬಂದರೆ ಹೇಗೆ ಎಂದು ಯೋಚಿಸುತ್ತ ಮಲಗಿದ್ದಳು. ಮುಷ್ಟಿಯಲ್ಲಿ ಮೂಡುವುದು ಕೂಸಿನ ಪಾದ. ಮಾವನದು ಹತ್ತನೇ ನಂಬರಿನ ಬೂಟು. ಈ ಸಂಕಟದ ನಡುವೆಯೇ ಆ ಸದ್ದು ಕೇಳಿಸಿದ್ದು.

ಅವಳು ಗೋಡೆ ಹಿಡಿದು ಪಡಸಾಲೆಗೆ ಬಂದಳು. ಮುನಿಯಪ್ಪನವರ ಚಾಪೆ ಖಾಲಿಯಿತ್ತು. ಕೋಣೆಯ ಬಾಗಿಲು ಗೇಣಗಲ ತೆರೆದಿತ್ತು.

ಒಳಗೆ ದೀಪದ ಕುಡಿ ಸಣ್ಣದಾಗಿತ್ತು. ಮುನಿಯಪ್ಪನವರು ಪಂಚೆ ಎತ್ತಿಕಟ್ಟಿ, ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಿದ್ದರು. "ಮಾರ್ಸೆಲ್‌ದು ಆಯ್ತು," ಎಂದು ಗೊಣಗಿದರು. "ಇದು ನಿಂದು ಕಣೋ ಕಾಟಾ." ಚೆಂಡನ್ನು ನೆಲಕ್ಕಿಟ್ಟು ಬಲಗಾಲಲ್ಲಿ ಒದ್ದರು.

ಧಪ್.

ಗೋಡೆಗೆ ತಾಗಿದ ಚೆಂಡು ನೆಟ್ಟಗೆ ಬರಲಿಲ್ಲ. ಓರೆಯಾಗಿ ಕತ್ತಲ ಕಡೆಗೆ, ಹಿಟ್ಟು ಹರಡಿದ ಕಡೆಗೇ ಉರುಳಿತು. ಮುನಿಯಪ್ಪನವರು ಅತ್ತ ತಿರುಗಿದರು. ಬಲ ಮಂಡಿ ಬಗ್ಗಲಿಲ್ಲ. ಎಡಗಾಲು ತಾನಾಗಿ ಮುಂದೆ ಚಾಚಿ, ಹಿಟ್ಟಿನ ನಟ್ಟನಡುವೆ ಊರಿತು. ಚೆಂಡು ಅದಕ್ಕೆ ತಾಗಿ ನಿಂತಿತು. ಕೆಂಪು ನೆಲದ ಮೇಲಿನ ತೆಳು ರಾಗಿಹಿಟ್ಟು ಕನ್ನಡಕವಿಲ್ಲದ ಆ ಕಣ್ಣಿಗೆ ಕಾಣಲಿಲ್ಲ. ಅವರು ಚೆಂಡೆತ್ತಿ ಪಂಚೆಯಲ್ಲಿ ಒರೆಸಿ, ಎಡೆಯ ಪಕ್ಕ ಇಟ್ಟು, ಕೈ ಮುಗಿದು, ಹೊರಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರು. ಕಂಬದ ಮರೆಯಲ್ಲಿದ್ದ ಮಂಗಳಾ ಇನ್ನಷ್ಟು ಹಿಂದಕ್ಕೆ ಸರಿದಳು.

ಅವರ ಗೊರಕೆ ಶುರುವಾದ ಮೇಲೆ ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಕೋಣೆಯ ಹೊಸ್ತಿಲಿನಿಂದ ಚಾಪೆಯವರೆಗೆ ಎಡಗಾಲಿನ ಮಸುಕು ಗುರುತುಗಳು. ಹಿಟ್ಟಿನ ಮೇಲಿನ ಗುರುತನ್ನು ಅವಳು ಮಾಡಿರಲಿಲ್ಲ. ಆದರೆ ಇವು ಹೀಗೇ ಉಳಿದರೆ ಬೆಳಿಗ್ಗೆ ಅತ್ತೆ ಇವುಗಳ ಜಾಡು ಹಿಡಿದು ಸೀದಾ ಮುನಿಯಪ್ಪನವರ ಚಾಪೆಗೆ ಬರುತ್ತಾರೆ. ಅಡುಗೆಮನೆಯಿಂದ ಒದ್ದೆ ಬಟ್ಟೆ ತಂದಳು. ಮಂಡಿಯೂರಿ ಒಂದೊಂದನ್ನೇ ಒರೆಸಿದಳು. ತಾನು ಮಾಡುತ್ತಿರುವುದಕ್ಕೆ ಏನು ಹೆಸರು ಎಂದು ಯೋಚಿಸಲಿಲ್ಲ. ಒಳಗಿನ ಒಂದೆರಡನ್ನು ಹೊಸ್ತಿಲಾಚೆಯಿಂದಲೇ ಕೈಚಾಚಿ ಒರೆಸಿದಳು; ಕೋಣೆಯೊಳಗೆ ಮಾತ್ರ ಕಾಲಿಡಲಿಲ್ಲ.

ಬೆಳಿಗ್ಗೆ ಇನ್ನೊಂದು ಗಂಡಾಂತರ ಕಾದಿತ್ತು. ಮುನಿಯಪ್ಪನವರ ಎಡ ಅಂಗಾಲು ಕಂಬಳಿಯಿಂದ ಹೊರಗೆ ಚಾಚಿಕೊಂಡಿತ್ತು. ಬೆರಳ ಸಂದಿಯಲ್ಲೆಲ್ಲ ರಾಗಿಹಿಟ್ಟು. ಆ ಕಡೆಯಿಂದ ಉಚ್ಚಂಗಮ್ಮ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದರು. ಮಂಗಳಾ ಓಡಿಹೋಗಿ ಕಂಬಳಿ ಎಳೆದು ಮುಚ್ಚಿದಳು.

"ಮಾಮ, ಏಳಿ. ನೀರು ಕಾದಿದೆ, ಸ್ನಾನ ಮಾಡಿ."

"ಇನ್ನೊಂದು ಐದು ನಿಮಿಷ ಕಣಮ್ಮ."

"ಆರಿ ಹೋಗುತ್ತೆ ಮಾಮ. ಈಗಲೇ ಏಳಿ."

"ನಮ್ಮ ಕೋಚು ಕೂಡ ಹಿಂಗೆ ಎಬ್ಬಿಸ್ತಿರ್ಲಿಲ್ಲ ಬಿಡು," ಎಂದು ಬೈದುಕೊಳ್ಳುತ್ತ ಅವರು ಬಚ್ಚಲಿಗೆ ಹೋದರು. ಮಂಗಳಾ ಚಾಪೆ ಸುತ್ತಿ ಹಿತ್ತಲಿಗೆ ಒಯ್ದು ಕೊಡವಿದಳು.

ಬಾಗಿಲು ತೆರೆಯುವುದು ಕಾಟಪ್ಪನವರ ದೊಡ್ಡಪ್ಪನ ಮಗ ಗೋವಿಂದಪ್ಪನವರ ಕೆಲಸ. ಅವರು ಒಳಗೆ ಕಣ್ಣು ಹಾಯಿಸಿದವರೇ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಲೇ ಶಿವು! ಬಾರ್ಲೇ ಇಲ್ಲಿ! ಎಡಗಾಲು ಕಣ್ಲೇ!"

ಹಿಟ್ಟಿನ ನಡುವೆ ಒಂದು ಪಾದ ಅಚ್ಚೊತ್ತಿದಂತೆ ಮೂಡಿತ್ತು. ಅದರವರೆಗೆ ಚೆಂಡು ಉರುಳಿ ಬಂದ ಪಟ್ಟೆ ಇತ್ತು, ಅಲ್ಲಿಂದಾಚೆಗೆ ಇರಲಿಲ್ಲ.

"ಬಂದವ್ನೆ, ಆಡವ್ನೆ, ಹೋಗವ್ನೆ," ಅಂದರು ಗೋವಿಂದಪ್ಪ. ಆಮೇಲೆ ಎಡೆ ನೋಡಿ ಹುಬ್ಬು ಗಂಟಿಕ್ಕಿದರು. "ಆದ್ರೆ ಊಟ ಮುಟ್ಟಿಲ್ವಲ್ಲವ್ವ."

"ಆಟಕ್ಕೆ ಮುಂಚೆ ಯಾವತ್ತು ಉಂಡಿದ್ದ ಅವ್ನು?" ಅಂದರು ಉಚ್ಚಂಗಮ್ಮ.

ಎಲ್ಲರೂ ಅವರ ಮುಖ ನೋಡಿದರು. ಉಚ್ಚಂಗಮ್ಮ ಹಿಟ್ಟಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಟ್ಟದೆ, ಆ ಪಾದದ ಸುತ್ತ ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು, ಮೂಗು ಸೀಟಿ, "ಏ ಮಂಗಳಾ, ಒಲೆ ಮ್ಯಾಲೆ ಏನಿಟ್ಟೀಯ? ಸೀದ ವಾಸ್ನೆ ಬರ್ತೈತೆ," ಅಂದರು.

ಅಷ್ಟರಲ್ಲಿ ಸ್ನಾನ ಮುಗಿಸಿದ ಮುನಿಯಪ್ಪನವರು ಕನ್ನಡಕ ಸರಿಮಾಡಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. ನೋಡಿದವರು ಬಿಳಿಚಿಕೊಂಡರು. ಮಂಗಳಾಗೆ ಕಣ್ಸನ್ನೆ ಮಾಡಿ ಹಿತ್ತಲಿಗೆ ನಡೆದರು.

"ಒಂದು ಮಾತು ಕಣಮ್ಮ. ನಿನ್ನಲ್ಲೇ ಇರ್ಲಿ," ಅಂದರು ತೆಂಗಿನ ಮರ ಹಿಡಿದುಕೊಂಡು. "ಒಳಗೆ ಹೋಗಬಾರ್ದು ಅಂತ ಯಾರೂ ನಂಗೆ ಹೇಳ್ಲಿಲ್ಲ. ಮಾರ್ಸೆಲ್‌ಗೆ ಕೊಡೋಕಾಗ್ಲಿಲ್ಲ ಅಂತ ಕಾಟ ಫೋನಲ್ಲಿ ಹೇಳಿದ್ದ. ರಾತ್ರಿ ಹೋಗಿ ಎರಡು ಪಾಸು ಕೊಟ್ಟೆ. ಕಾಟಂಗೆ ಕೊಟ್ಟಿದ್ದು ಕತ್ತಲಿಗೆ ಹೋಯ್ತು. ಎಲ್ಲಿ ಹೋಯ್ತಪ್ಪಾ ಅಂತ ನೋಡಿದ್ರೆ, ಯಾರೋ ಕಾಲಿಟ್ಟು ನಿಲ್ಲಿಸ್ದಂಗೆ ನಿಂತಿದೆ!"

"ಮಾಮ, ಅದು ನಿಮ್ಮ..." ಎಂದು ಶುರುಮಾಡಿದಳು ಮಂಗಳಾ.

"ನಂದು ಬಲಗಾಲಮ್ಮ! ಎಡಗಾಲಲ್ಲಿ ಚೆಂಡು ಮುಟ್ಟಿ ನಂಗೆ ಗೊತ್ತೇ ಇಲ್ಲ. 'ಮುನಿಯಾ, ನಿಂಗೆ ಎಡಗಾಲು ಕೊಟ್ಟಿರೋದು ಬೀಳ್ದಂಗೆ ನಿಲ್ಲೋಕೆ ಅಷ್ಟೇ' ಅಂತ ನಿಮ್ಮ ಮಾವ ಆಡ್ಕೊಂಡು ನಗ್ತಿದ್ದ." ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ನಾನು ಕೊಟ್ಟ ಪಾಸು ಅವನು ತಗೊಂಡ ಕಣಮ್ಮ. ಎಡಗಾಲಲ್ಲೇ ತಗೊಂಡ."

ಮಂಗಳಾ ಅವರ ಎಡಗಾಲು ನೋಡಿದಳು. ಸೋಪು ಹಾಕಿ ತೊಳೆದ, ಇನ್ನೂ ಒದ್ದೆಯಿದ್ದ ಮುದಿ ಕಾಲು. ಅದು ತಾನಾಗಿ ಚಾಚಿದ್ದು ಅದರ ಒಡೆಯನಿಗೇ ನೆನಪಿರಲಿಲ್ಲ. ಬಾಯಿಗೆ ಬಂದಿದ್ದ ವಾಕ್ಯವನ್ನು ಅವಳು ಹಾಗೇ ನುಂಗಿದಳು. "ಬನ್ನಿ ಮಾಮ, ಕಾಫಿ ಆರುತ್ತೆ," ಅಂದಳು.

ಮಧ್ಯಾಹ್ನ ಪಡಸಾಲೆಯಲ್ಲಿ ಎಲೆ ಹಾಕಿದರು. ಒಂದು ಕಾಲದಲ್ಲಿ ಚೆಂಡಿನ ಹಿಂದೆ ಓಡಿದ್ದ ಊರಿನ ಮುದುಕರೆಲ್ಲ ಬಂದಿದ್ದರು. ಮಾರ್ಸೆಲ್‌ನ ಕಥೆ ಉಳಿದುಹೋಗಿದೆ ಎಂದು ಮಂಗಳಾ ನೆನಪಿಸಿದಾಗ ಮುನಿಯಪ್ಪನವರು ಅನ್ನ ಕಲಸುವುದನ್ನೇ ಬಿಟ್ಟು ಹೇಳಿದರು. ತಾನು ಹಾಡುತ್ತಿದ್ದ ಹಾಡು ಮುಗಿಯದೆ ಬಸ್ ಹತ್ತುವುದಿಲ್ಲ ಎಂದು ಕೂತ ಮಾರ್ಸೆಲ್‌ನಿಂದಾಗಿ ಇಡೀ ಭಾರತ ತಂಡ ಸಿಂಗಾಪುರದ ವಿಮಾನ ತಪ್ಪಿಸಿಕೊಂಡಿತಂತೆ. ಕೊನೆಗೆ ಮ್ಯಾನೇಜರೂ ಅಲ್ಲೇ ಕೂತು ತಾಳ ಹಾಕಿದರಂತೆ. ಮುದುಕರು ಕೆಮ್ಮು ಬರುವಷ್ಟು ನಕ್ಕರು.

ಕೊನೆಯ ಪಂಕ್ತಿಯಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು. ಉಚ್ಚಂಗಮ್ಮ ಧ್ವನಿ ತಗ್ಗಿಸಿ ಕೇಳಿದರು. "ನೀನು ರಾತ್ರಿ ಎಲ್ಲ ಎಚ್ರ ಇರೋಳು. ಏನಾರ ಕೇಳಿಸ್ತೇನೇ?"

ಮಂಗಳಾ ಮಾತು ತೂಗಿದಳು. "ಕೇಳಿಸ್ತು ಅತ್ತೆ. ಚೆಂಡು ಗೋಡೆಗೆ ಬಡಿದ ಸದ್ದು. ಎರಡು ಸಲ."

ಉಚ್ಚಂಗಮ್ಮ ಲೆಕ್ಕ ಹಾಕುವವರಂತೆ ಎಲೆ ನೋಡಿದರು. "ಒಂದು ಮಾರ್ಸೆಲ್ಲಂದು. ನಾನು ತಡ್ದಿದ್ದು. ಇನ್ನೊಂದು ಯಾರ್ದು?" ತಾವೇ ಅಂದರು, "ಅವ್ನಿಗೇ ಅವ್ನು ಕೊಟ್ಕಂಡಿರ್ಬೇಕು. ನನ್ನ ನಂಬ್ಕಂಡ್ರೆ ಆಗಾಕಿಲ್ಲ ಅಂತ." ಮುಖದಲ್ಲಿ ಸಣ್ಣ ನಗು ಬಂತು. "ಇನ್ನೊಂದು ಮುದ್ದೆ ಹಾಕು. ಸಾರು ಚೆನ್ನಾಗೈತೆ."

ಮಂಗಳಾ ಎದ್ದು ಮುದ್ದೆ ತಂದು ಬಡಿಸಿ, ತುಪ್ಪ ಹಾಕಿದಳು. ಅತ್ತೆ ಮುರಿದು ನುಂಗುವುದನ್ನು ಕಣ್ಣು ತುಂಬ ನೋಡಿದಳು.

ಕೈ ತೊಳೆಯುವಾಗ ಶಿವು ಹಿಂದಿನಿಂದ ಬಂದ. "ಏನೇ, ಒಬ್ಬಳೇ ನಗ್ತಿದೀಯ?"

"ಏನಿಲ್ಲ."

ಹಿತ್ತಲ ತಂತಿಯ ಮೇಲೆ ರಾತ್ರಿಯ ನೆಲ ಒರೆಸಿದ ಬಟ್ಟೆ ಒಣಗುತ್ತಿತ್ತು. ಈ ಮನುಷ್ಯನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಬಟ್ಟೆಯನ್ನು ತಂತಿಯಿಂದ ಎಳೆದು, ನಾಲ್ಕು ಮಡಿಕೆ ಮಾಡಿ, ಒಳಗೆ ಒಯ್ದಳು.