ಉಲೀಸೆಸ್ ಬಿಟ್ಟುಹೋದ ಕ್ಯಾಸೆಟ್

ಮೂರನೆಯ ಸ್ಕ್ರೂ ಬಿಚ್ಚುವವರೆಗೂ ನಿಬಾಲ್ದೋ ಶಿಳ್ಳೆ ಹಾಕುತ್ತಲೇ ಇದ್ದ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಬನಿಯನ್ ಹಾಸಿ, ವಿಡಿಯೋ ಗೇಮಿನ ಕ್ಯಾಸೆಟ್ಟನ್ನು ಎಳೆಮಗುವನ್ನು ಮಲಗಿಸುವ ಹಾಗೆ ಬೋರಲು ಮಲಗಿಸಿದ್ದ. ಪಕ್ಕದಲ್ಲಿ ಹತ್ತಿ, ಸ್ಪಿರಿಟ್ಟಿನ ಸೀಸೆ. ಒಳಗಿನ ತಾಮ್ರದ ಹಲ್ಲುಗಳನ್ನು ಒರೆಸಿ ಧೂಳು ತೆಗೆಯಬೇಕು, ಭಾನುವಾರ ಗೆಳೆಯರೆದುರು ಟೀವಿಗೆ ಹಾಕಬೇಕು, ಅಷ್ಟೇ ಅವನ ಉದ್ದೇಶ. ವರ್ಷಗಟ್ಟಲೆ ಮುಚ್ಚಿಟ್ಟ ಕ್ಯಾಸೆಟ್ಟನ್ನು ಒರೆಸದೆ ಯಂತ್ರಕ್ಕೆ ತುರುಕುವವನು ಶತಮೂರ್ಖ. ಮೂರನೆಯ, ಕೊನೆಯ ಸ್ಕ್ರೂ ಕೈಗೆ ಬಂತು. ಮುಚ್ಚಳ ಎತ್ತಿದ. ಶಿಳ್ಳೆ ಅಲ್ಲಿಗೇ ನಿಂತಿತು.

ಒಳಗೆ ಏನೂ ಇರಲಿಲ್ಲ. ಹಸಿರು ಹಲಗೆ ಇಲ್ಲ, ತಾಮ್ರದ ಹಲ್ಲಿಲ್ಲ, ಚಿಪ್ಪಿಲ್ಲ. ತೂಕಕ್ಕೆಂದು ಅಂಟಿಸಿದ ಒಂದು ಕಬ್ಬಿಣದ ಬಿಲ್ಲೆ, ಅದರ ಅಂಚಿಗೆ ಒಂದಿಷ್ಟು ತುಕ್ಕು. ಅವನು ಕ್ಯಾಸೆಟ್ಟನ್ನು ತಲೆಕೆಳಗು ಮಾಡಿ ಕುಟ್ಟಿದ. ಮೇಜಿನ ಕೆಳಗೆ ಬಗ್ಗಿ ನೋಡಿದ, ಏನೋ ಜಾರಿ ಬಿದ್ದಿರಬಹುದು ಎಂಬಂತೆ. ಆಮೇಲೆ ಕುರ್ಚಿಯ ಮೇಲೆ ಕುಸಿದ.

ಕಿಟಕಿ ಕ್ಯಾಸೆಟ್! ಸಾಂತಿಯಾಗೋದ ಬಿಯೋಬಿಯೋ ಸಂತೆಯಲ್ಲಿ ಹಳೆಯ ಆಟಗಳನ್ನು ಮಾರುವ ಎಂಥ ಎಳಸಿಗೂ ಇದು ಗೊತ್ತು. ಹೊಸ ಆಟ ಬರುವ ಮುಂಚೆ ಅಂಗಡಿಯ ಗಾಜಿನ ಕಿಟಕಿಯಲ್ಲಿಡಲು ಕಂಪನಿಯವರು ಬರೀ ಹೊರಮೈ ಕಳಿಸುತ್ತಿದ್ದರು. ಮೇಲೆ ಚಂದದ ಚಿತ್ರ, ಒಳಗೆ ಕಬ್ಬಿಣ. ನಿಜವಾದ ಆಟ ಆಮೇಲೆ ಬರಬೇಕು. ಆದರೆ ಈ ಕ್ಯಾಸೆಟ್ ಹಾಕಿ ಆಡುವ ಸೆಂತೆಲ್ಯಾ ಎಂಬ ಯಂತ್ರದ ಹಣೆಬರಹವೇ ನೆಟ್ಟಗಿರಲಿಲ್ಲ. ಒಂದು ಚಳಿಗಾಲದಲ್ಲಿ ಬಂತು, ಕೊಂಡವರಿಗಿಂತ ನಕ್ಕವರೇ ಹೆಚ್ಚಾದರು, ಬೇಸಿಗೆ ಬರುವಷ್ಟರಲ್ಲಿ ಕಂಪನಿ ಬಾಗಿಲು ಹಾಕಿತು. ಅದರ ಕೊನೆಯ ಆಟ ‘ಫಾರೋ’, ಅಂದರೆ ದೀಪಸ್ತಂಭ. ಇಡೀ ಚಿಲಿ ದೇಶದಲ್ಲಿ ಅದನ್ನು ಆಡಿದವನು ಒಬ್ಬನೇ, ಇವನ ಗೆಳೆಯ ಬಸ್ ಡ್ರೈವರ್ ಉಲೀಸೆಸ್. ಹಾಗಂತ ಉಲೀಸೆಸ್ಸೇ ಹೇಳಿದ್ದು. ಬೇರೆ ಯಾರೂ ಹೇಳಿದ್ದಿಲ್ಲ ಎಂಬುದು ನಿಬಾಲ್ದೋನ ತಲೆಗೆ ಹೊಳೆದದ್ದೇ ಈಗ.

ಎಷ್ಟು ಚೆನ್ನಾಗಿ ಹೇಳುತ್ತಿದ್ದ ಮಹಾನುಭಾವ! ಭಾನುವಾರ ಸಂತೆಯ ಮೂಲೆಯಲ್ಲಿ ಕಾಲು ಚಾಚಿ ಕೂತು, ಗೋಧಿ ಹಾಕಿದ ಪೀಚ್ ಹಣ್ಣಿನ ಪಾನಕ ಹೀರುತ್ತ, ಒಂದೊಂದು ವಾರ ಒಂದೊಂದು ಹಂತ. ದೀಪಸ್ತಂಭ ಕಾಯುವವನು ಸಮುದ್ರಕ್ಕೆ ಹೋಗಿದ್ದಾನೆ, ಬಿರುಗಾಳಿ ಎದ್ದಿದೆ. ಅವನ ಹೆಂಡತಿ ಎಣ್ಣೆಯ ಡಬ್ಬ ಹೊತ್ತು ಸುತ್ತುಮೆಟ್ಟಿಲು ಹತ್ತಬೇಕು. ಗಾಳಿ ಬಾಗಿಲು ಒದೆಯುತ್ತದೆ, ಎಣ್ಣೆ ಚೆಲ್ಲುತ್ತದೆ, ಮತ್ತೆ ಕೆಳಗಿನಿಂದ ಶುರು. ಕೊನೆಯ ಹಂತದ ಬಗ್ಗೆ ಮಾತ್ರ ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ, ತನ್ನ ಕ್ಯಾಸೆಟ್ಟನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. “ನೀವೇ ಒಂದು ಹುಡುಕಿ ಆಡ್ಕೊಳ್ರಪ್ಪ, ನಾನೇ ಎಲ್ಲ ಜಗಿದು ಬಾಯಿಗೆ ಹಾಕ್ಬೇಕಾ?” ಅನ್ನುತ್ತಿದ್ದ.

ನಿಬಾಲ್ದೋ ಹುಡುಕಿದ. ಬಟ್ಟೆ ಒಗೆಯುವ ಯಂತ್ರ ರಿಪೇರಿ ಮಾಡಿಕೊಂಡು ನೆಮ್ಮದಿಯಾಗಿದ್ದ ಮನುಷ್ಯ, ಸೆಂತೆಲ್ಯಾದ ಉಳಿದ ಆಟಗಳನ್ನೆಲ್ಲ ಕೂಡಿಸಿ ಅದೊಂದರ ಬೆನ್ನು ಹತ್ತಿದ. ಮದುವೆಯ ಮಾತು ಬಂದಾಗಲೆಲ್ಲ ಮುಂದೂಡಿದ. ಒಮ್ಮೆ ಉಲೀಸೆಸ್ಸೇ ಕಿವಿಯಲ್ಲಿ ಉಸುರಿದ್ದ: “ಕಲಾಮಾದಲ್ಲಿ ಗಣಿಯವನೊಬ್ಬನ ಹತ್ರ ಇದೆಯಂತೆ ಕಣೋ. ಬೇಗ ಹೋಗು, ಕೈತಪ್ಪೀತು.” ತಾಯಿಗೆ ಮೈ ಸರಿಯಿರಲಿಲ್ಲ. ಆದರೂ ಹೋದ. ಅತಕಾಮಾ ಮರುಭೂಮಿಯ ನಡುವೆ ಬಸ್ಸು ಓಡುತ್ತಿದ್ದಾಗ ಇಲ್ಲಿ ತಾಯಿ ಕಣ್ಣು ಮುಚ್ಚಿದಳು. ಮಗ ಬರಿಗೈಯಲ್ಲಿ ಬಂದು ತಲುಪುವುದರೊಳಗೆ ಮಣ್ಣಾಗಿತ್ತು. ಮಗನ ಜಾಗದಲ್ಲಿ ನಿಂತು ಪೆಟ್ಟಿಗೆಗೆ ಹೆಗಲು ಕೊಟ್ಟವನು ಉಲೀಸೆಸ್. ಹೆತ್ತ ಮಗನಿಗಿಂತ ಹೆಚ್ಚು ಅತ್ತ ಎಂದು ನೆರೆಹೊರೆಯವರು ಹೇಳಿದ್ದರು.

“ನಿನ್ ಮನೆ ಹಾಳಾಗ! ಏನೂ ಇಲ್ಲ ಅಂತ ಗೊತ್ತಿದ್ದೂ ಕಳಿಸಿದ್ಯಲ್ಲೋ!” ಎಂದು ನಿಬಾಲ್ದೋ ಖಾಲಿ ಅಡುಗೆಮನೆಯಲ್ಲಿ ಕೂಗಿದ. ಬೈಸಿಕೊಳ್ಳುವವನು ಸತ್ತು ತಿಂಗಳಾಗಿತ್ತು. ಸಾಯುವ ಮೊದಲು ಹೆಂಡತಿ ಒರಿಯೆತಾಳ ಕೈಯಲ್ಲಿ ಕ್ಯಾಸೆಟ್ ಕೊಟ್ಟು ‘ಇದು ನಿಬಾಗೆ’ ಎಂದಿದ್ದನಂತೆ. ತಿಂಗಳ ಪ್ರಾರ್ಥನೆ ಮುಗಿದ ಮೇಲೆ ಅವಳು ಇಗರ್ಜಿಯ ಬಾಗಿಲಲ್ಲೇ ಅದನ್ನು ಇವನ ಕೈಗಿಟ್ಟಿದ್ದಳು. ಇವನು ಮುದುಕನಾಗುವ ವಯಸ್ಸಿನಲ್ಲಿ ಎಲ್ಲರೆದುರು ಗೊಳೋ ಎಂದು ಅತ್ತಿದ್ದ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಆಗಲೇ ಅವನ ಕಣ್ಣು ಸ್ಕ್ರೂಗಳ ಮೇಲೆ ಬಿತ್ತು. ಸಂತೆಯಲ್ಲಿ ಒಂದು ಕಟ್ಟಳೆ ಇದೆ. ಬೆಲೆಬಾಳುವ ಕ್ಯಾಸೆಟ್ಟನ್ನು ಬಿಚ್ಚುವಾಗ ಇಬ್ಬರಿರಬೇಕು, ಮುಚ್ಚಿದ ಮೇಲೆ ಸ್ಕ್ರೂಗಳ ತಲೆಗೆ ಉಗುರುಬಣ್ಣ ಹಚ್ಚಬೇಕು. ಬಣ್ಣ ಒಡೆದಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ ಎಂದು ಲೆಕ್ಕ. ಫಾರೋದ ಸ್ಕ್ರೂಗಳಿಗೆ ಒರಿಯೆತಾಳ ಕೆಂಪು ಬಣ್ಣವಿತ್ತು. ಈಗ ಅದು ಬನಿಯನ್ನಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಗೆಳೆಯ ಕೊಟ್ಟದ್ದನ್ನು ಒರೆಸಲು ಸಾಕ್ಷಿ ಯಾಕೆ ಎಂದು ಇವನು ಒಬ್ಬನೇ ಬಿಚ್ಚಿದ್ದ.

ವಾರವೆಲ್ಲ ನಿದ್ದೆಯಿಲ್ಲ, ಊಟ ಸೇರದು. ಒಂದು ಗಳಿಗೆ ಊರಿಗೆಲ್ಲ ಸಾರಿಬಿಡೋಣ ಅನ್ನಿಸುವುದು, ಇನ್ನೊಂದು ಗಳಿಗೆ ತಾಯಿಯ ಪೆಟ್ಟಿಗೆ ಹೊತ್ತ ಹೆಗಲು ನೆನಪಾಗುವುದು. ಕಡೆಗೆ ಶನಿವಾರ ಒಂದು ತೀರ್ಮಾನಕ್ಕೆ ಬಂದ. ಕ್ಯಾಸೆಟ್ ಸತ್ತುಹೋಗಿದೆ, ಹಳೆಯದಲ್ಲವೇ, ಯಂತ್ರ ಓದುತ್ತಿಲ್ಲ ಎಂದರಾಯಿತು. ಉಲೀಸೆಸ್ಸನ ಹೆಸರೂ ಉಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ.

ಭಾನುವಾರ ಸಂಜೆಯ ಚಹಾಕ್ಕೆ ಮೂವರು ಬಂದರು. ಸಂತೆಯಲ್ಲಿ ಇವನ ಚಾಪೆಯ ಪಕ್ಕದಲ್ಲೇ ಅಂಗಡಿ ಹರಡುವ ದಡೂತಿ ರೆನಾತೋ ಬ್ರೆಡ್ಡು ತಂದಿದ್ದ. ಒರಿಯೆತಾ ಕಪ್ಪು ಉಡುಪಿನಲ್ಲೇ ಬಂದು, ಯಾರೂ ಹೇಳದೆ ಅಡುಗೆಮನೆಗೆ ಹೋಗಿ ಬೆಣ್ಣೆಹಣ್ಣು ಕಿವುಚತೊಡಗಿದಳು. ಸಂತೆಯ ಗೆಳೆಯರಲ್ಲೆಲ್ಲ ಎಳೆಯವನಾದ ಯೆರ್ಕೋ ಬೆನ್ನಿಗೆ ದೊಡ್ಡ ಚೀಲ ನೇತುಹಾಕಿಕೊಂಡೇ ಒಳಗೆ ಬಂದ. ಮದುವೆಯಾಗಿ ವರ್ಷವಾಗಿದೆ, ಸೆಂತೆಲ್ಯಾದ ಹುಚ್ಚು ಹಿಡಿದು ಎರಡಾಗಿದೆ.

“ಏನೋ ಇದು, ಮನೆಯಿಂದ ಓಡಿಸಿದ್ಲಾ ಹೆಂಡ್ತಿ?” ಎಂದ ರೆನಾತೋ.

“ಓಡಿಸೋ ಸ್ಥಿತೀಲಿ ಎಲ್ಲವ್ಳೆ, ಎದ್ದು ನಿಲ್ಲೋಕೇ ಆಗ್ತಿಲ್ಲ ಪಾಪ. ಇವತ್ತೋ ನಾಳೆಯೋ ಅಂತಿದಾರೆ ಸೂಲಗಿತ್ತೀರು,” ಯೆರ್ಕೋ ನಕ್ಕ. “ನಾನು ಪುಂತಾ ಅರೇನಾಸ್‌ಗೆ ಹೊರಟೆ ದೋನ್ ನಿಬಾ. ದೇಶದ ದಕ್ಷಿಣದ ತುದಿ, ಬಸ್ಸಲ್ಲೇ ಎರಡು ದಿನದ ದಾರಿ. ಅಲ್ಲಿ ನಮ್ಮ ಅಜ್ಜನ ಕಡೆಯವರ ಅಂಗಡೀಲಿ ಇನ್ನೊಂದು ಫಾರೋ ಇರ್ಬೇಕು ಅಂತ ಉಲೀಸೆಸ್ ಹೇಳಿದ್ರು. ಆಸ್ಪತ್ರೆ ಸೇರೋ ಮುಂಚೆ ಹೇಳಿದ್ದು, ಸುಳ್ಳು ಹೇಳ್ತಾರಾ?”

“ಹೆರಿಗೆ?” ಎಂದ ನಿಬಾಲ್ದೋ.

“ಅತ್ತೆ ಇದಾರಲ್ಲ. ಮಗು ಎಲ್ಲೂ ಓಡಿಹೋಗಲ್ಲ, ಕ್ಯಾಸೆಟ್ ಹೋಗುತ್ತೆ!”

ಶನಿವಾರದ ತೀರ್ಮಾನ ಎಲ್ಲಿ ಹೋಯಿತೋ! ನಿಬಾಲ್ದೋ ಎದ್ದು ಹೋಗಿ ಕಪಾಟಿನಿಂದ ಕ್ಯಾಸೆಟ್ ತಂದ. ಮುಚ್ಚಳ ತೆಗೆದು ಚಹಾದ ಬಟ್ಟಲುಗಳ ನಡುವೆ ಠಪ್ಪೆಂದು ಇಟ್ಟ.

“ಎಲ್ಲೂ ಹೋಗ್ಬೇಡ ಕಣೋ. ನೋಡು, ಕಣ್ಬಿಟ್ಟು ನೋಡು. ಫಾರೋ ಅನ್ನೋದೇ ಇಲ್ಲ. ಯಾವತ್ತೂ ಇರ್ಲಿಲ್ಲ. ಅಂಗಡಿ ಕಿಟಕೀಗೆ ಇಡೋ ಡಬ್ಬ ಇದು. ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದಾನೆ ಉಲೀಸೆಸ್.”

ರೆನಾತೋನ ಬಾಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು. ಒರಿಯೆತಾ ಬೆಣ್ಣೆಹಣ್ಣಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಅಲ್ಲಿದ್ದಾಳೆ ಎಂಬುದೇ ನಿಬಾಲ್ದೋಗೆ ಮರೆತುಹೋಗಿತ್ತು. ಅಯ್ಯೋ ದೇವರೇ, ನಾಲಿಗೆ ಕಚ್ಚಿಕೊಂಡ.

ರೆನಾತೋ ಬ್ರೆಡ್ಡನ್ನು ನುಂಗಿ, ಬೆರಳು ಒರೆಸಿಕೊಂಡು, ಕ್ಯಾಸೆಟ್ಟನ್ನು ಎತ್ತಿ ಸ್ಕ್ರೂಗಳ ತೂತುಗಳನ್ನು ಒಂದೊಂದಾಗಿ ನೋಡಿದ.

“ಬಣ್ಣ ಒಡೆದವರು ಯಾರು?”

“ನಾನೇ. ಒರೆಸೋಣ ಅಂತ ಬಿಚ್ಚಿದೆ.”

“ಯಾರಿದ್ರು ಜೊತೇಲಿ?”

“ಯಾರೂ ಇರ್ಲಿಲ್ಲ.”

“ಯಾರೂ ಇರ್ಲಿಲ್ಲ,” ಎಂದು ರೆನಾತೋ ನಿಧಾನವಾಗಿ ತಿರುಗಿ ಹೇಳಿದ. “ಕಿಟಕಿ ಡಬ್ಬದ ಕಬ್ಬಿಣ ನನ್ನ ಅಂಗಡೀಲೂ ಬುಟ್ಟಿಗಟ್ಟಲೆ ಬಿದ್ದಿದೆ ನಿಬಾ. ಯಾರ್ ಬೇಕಾದ್ರೂ ಯಾವುದರೊಳಗೆ ಬೇಕಾದ್ರೂ ಅಂಟಿಸ್ಬೋದು. ಒಳಗಿದ್ದದ್ದು ಎಲ್ಲಿ?”

ನಿಬಾಲ್ದೋಗೆ ಮೊದಲು ಮಾತೇ ಅರ್ಥವಾಗಲಿಲ್ಲ. ಅರ್ಥವಾದಾಗ ಕಪಾಳಕ್ಕೆ ಹೊಡೆದ ಹಾಗಾಯಿತು. “ಏನಂದೆ? ನಾನು ಕದ್ದೆ ಅಂತೀಯಾ? ನಾನಾ?”

“ಮತ್ತೆ ಸತ್ತವನು ಎದ್ದು ಬಂದು ಕದ್ನಾ? ಯಾರಿಗೋ ಗುಟ್ಟಾಗಿ ಮಾರ್ಕೊಳ್ಳೋಕೆ ಹೊಂಚು ಹಾಕಿದೀಯ. ಅದಕ್ಕೇ ಈ ಹುಡುಗ ಊರೂರು ತಿರುಗೋದು ಬೇಡ, ಇನ್ನೊಂದು ಸಿಕ್ಕಿಬಿಟ್ರೆ ನಿಂದರ ಬೆಲೆ ಇಳಿಯುತ್ತೆ! ಥೂ. ಉಂಡ ಮನೆ ಜಂತೆ ಎಣಿಸ್ಬಿಟ್ಯಲ್ಲೋ. ನಿಮ್ಮಮ್ಮನ ಪೆಟ್ಟಿಗೆ ಹೊತ್ತವನ ಮೇಲೆ ಗೂಬೆ ಕೂರಿಸ್ತಿದೀಯಲ್ಲ, ನಾಲಿಗೆ ಹೇಗೆ ಬಂತು ನಿಂಗೆ?”

“ಅದೇ ಕಣೋ! ನಮ್ಮಮ್ಮ ಸತ್ತಾಗ ನಾನು ಯಾಕೆ ಇಲ್ಲಿರ್ಲಿಲ್ಲ ಅಂತ...” ನಿಬಾಲ್ದೋ ಕ್ಯಾಸೆಟ್ಟನ್ನು ರೆನಾತೋನ ಕೈಯಿಂದ ಕಿತ್ತು ಮೇಜಿನ ಮೇಲಿಟ್ಟ. ನಿಜ ಹೇಳಿದರೆ ನಂಬುತ್ತಾರೋ ಇಲ್ಲವೋ ಎಂಬ ಯೋಚನೆ ವಾರವಿಡೀ ಒಂದು ಸಲವೂ ಅವನಿಗೆ ಬಂದಿರಲಿಲ್ಲ. ಹೇಳುವುದೋ ಬಿಡುವುದೋ ಎಂದಷ್ಟೇ ಒದ್ದಾಡಿದ್ದ. ಯೆರ್ಕೋ ಇವನ ಮುಖವನ್ನು ಅಪರಿಚಿತನನ್ನು ನೋಡುವ ಹಾಗೆ ನೋಡುತ್ತಿದ್ದ.

ಒರಿಯೆತಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಕ್ಯಾಸೆಟ್ಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಳುತ್ತಾಳೆ, ಇಲ್ಲವೇ ಕೆನ್ನೆಗೆ ಬಾರಿಸುತ್ತಾಳೆ ಎಂದು ನಿಬಾಲ್ದೋ ಕಾದ. ಅವಳು ಎರಡನ್ನೂ ಮಾಡಲಿಲ್ಲ.

“ಆ ಬಣ್ಣ ನಾನೇ ಹಚ್ಚಿದ್ದು,” ಎಂದಳು. “ಮುಚ್ಚಿ ತಂದು ಕೊಟ್ರು, ಹಚ್ಚಿದೆ. ಒಳಗೆ ಏನಿತ್ತೋ ನಾ ಕಾಣೆ. ನೀವು ಗಂಡಸರು ಅದೆಲ್ಲ ಕಿತ್ತಾಡ್ಕೊಳ್ಳಿ. ನಂಗೆ ಬೇಕಾಗಿರೋದು ಒಂದೇ ಮಾತು. ಆಸ್ಪತ್ರೇಲಿ ಅವರಿಗೆ ನೋವು ಜಾಸ್ತಿ ಆದಾಗೆಲ್ಲ ಆ ಆಟದ ಕಥೆ ಹೇಳೋರು. ನನ್ನ ಕೈ ಹಿಡ್ಕೊಂಡು, ಒಂದೊಂದೇ ಮೆಟ್ಟಿಲು. ಕೊನೇ ಹಂತಕ್ಕೆ ಬಂದಿದ್ರು. ಅಷ್ಟರಲ್ಲಿ ಗಂಟಲಿಗೆ ನಳಿಗೆ ಹಾಕಿದ್ರು, ಆಮೇಲೆ ಮಾತೇ ಹೊರಡ್ಲಿಲ್ಲ.” ಅವಳು ಇವನ ತೋಳು ಹಿಡಿದಳು. “ನೀನು ನೋಡಿದ್ರೆ ಹೇಳು ನಿಬಾ. ಅವಳು ದೀಪ ಹಚ್ತಾಳಾ?”

ರೆನಾತೋನ ಕಣ್ಣು ಇವನ ಮೇಲೆ. ಯೆರ್ಕೋನ ಕಣ್ಣು ಇವನ ಮೇಲೆ. ‘ಅತ್ತಿಗೆ, ನೋಡೋಕೆ ಒಳಗೆ ಏನೂ ಇರ್ಲಿಲ್ಲ’ ಎಂದು ಇನ್ನೊಮ್ಮೆ ಹೇಳಬೇಕಿತ್ತು. ಅದೇ ನಿಜ. ಅದನ್ನು ಗಟ್ಟಿಯಾಗಿ ಹಿಡಿದು ನಿಂತರೆ ಇಂದಲ್ಲ ನಾಳೆ ರೆನಾತೋ ನಂಬಬಹುದಿತ್ತು, ಯೆರ್ಕೋನ ಕಾಲು ಒಂದು ದಿನವಾದರೂ ತಡೆಯುತ್ತಿತ್ತು. ನಿಬಾಲ್ದೋ ಬಾಯಿ ತೆರೆದ. ಅವಳ ಬೆರಳುಗಳು ತೋಳನ್ನು ಬಿಗಿಯಾಗಿ ಒತ್ತುತ್ತಿದ್ದವು.

“ಹಚ್ತಾಳೆ ಅತ್ತಿಗೆ,” ಎಂದುಬಿಟ್ಟ.

ಹೇಳಿದ್ದು ತಾನೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ರೆನಾತೋ ಮೇಜು ಗುದ್ದಿದ, ಬಟ್ಟಲುಗಳು ಹಾರಿಬಿದ್ದವು. “ಕೇಳಿಸ್ತಾ! ಅವನ ಬಾಯಿಂದಲೇ ಬಂತು! ಇಲ್ದಿರೋ ಆಟಾನ ಹೇಗೋ ನೋಡ್ದೆ, ಕಳ್ಳ? ಬರೋ ವಾರ ಸಂತೇಲಿ ನನ್ನ ಪಕ್ಕ ಚಾಪೆ ಹಾಸು, ಆಗ ಹೇಳ್ತೀನಿ.” ಟೋಪಿ ಎತ್ತಿಕೊಂಡು, ಕೈ ಕುಲುಕದೆ, ಬಾಗಿಲನ್ನು ಒದ್ದು ಹೊರಟುಹೋದ.

“ಯೆರ್ಕೋ, ನಿಲ್ಲೋ,” ಎಂದ ನಿಬಾಲ್ದೋ. “ಕೈ ಮುಗೀತೀನಿ, ಮನೆಗೆ ಹೋಗು. ಹೆಂಡ್ತೀನ ಆಸ್ಪತ್ರೆಗೆ ಕರ್ಕೊಂಡು ಹೋಗು.”

ಯೆರ್ಕೋ ಚೀಲ ಹೆಗಲಿಗೇರಿಸುತ್ತಿದ್ದ. ಮುಖದಲ್ಲಿ ಸಿಟ್ಟು ಇರಲಿಲ್ಲ, ಹಬ್ಬದ ಕಳೆಯಿತ್ತು. “ಇನ್ನು ನಿಮ್ಮ ಮಾತು ಯಾಕೆ ಕೇಳ್ಲಿ ದೋನ್ ನಿಬಾ?” ಎಂದು ಎರಡೆರಡು ಮೆಟ್ಟಿಲು ಹಾರುತ್ತ ಇಳಿದ. ಕೆಳಗಿನಿಂದ ಫೋನಿನಲ್ಲಿ ಹೆಂಡತಿಗೆ ಹೇಳುವುದು ಮೇಲಿನವರೆಗೂ ಕೇಳಿಸಿತು: “ಇದೆ ಕಣೇ! ನಿಜವಾಗ್ಲೂ ಇದೆ! ನಾಲ್ಕೇ ದಿನ, ಹಲ್ಲು ಕಚ್ಕೊಂಡಿರು!”

ನಿಬಾಲ್ದೋ ಬಾಗಿಲವರೆಗೆ ಓಡಿದವನು ಅಲ್ಲೇ ನಿಂತ. ಬೀದಿಯ ಬಾಗಿಲು ಮುಚ್ಚಿದ ಸದ್ದಾಯಿತು. ಹಿಂದೆ ಒರಿಯೆತಾ ಉರುಳಿದ್ದ ಬಟ್ಟಲುಗಳನ್ನು ನೆಟ್ಟಗೆ ಮಾಡಿ, ಚೆಲ್ಲಿದ ಚಹಾವನ್ನು ಕೈಚೌಕದಿಂದ ಒತ್ತಿ ಒರೆಸುತ್ತಿದ್ದಳು. ಆಮೇಲೆ ಎರಡು ಬಟ್ಟಲಿಗೆ ಹೊಸ ಚಹಾ ಬಗ್ಗಿಸಿ, ಒಂದನ್ನು ಇವನ ಜಾಗಕ್ಕೆ ಸರಿಸಿ, ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಬಾ, ಕೂತ್ಕೊ,” ಎಂದಳು. “ಮೊದಲಿಂದ ಹೇಳು. ದೋಣೀಲಿ ಇರೋ ಅವಳ ಗಂಡನಿಗೆ ಆ ದೀಪ ಕಾಣುತ್ತಾ?”